ಪರದೆಯ ಮೇಲಿನ ಆಟ ಮತ್ತು ಮನೆಯೊಳಗಿನ ಮೂರು ತಲೆಮಾರು

2025ರ ಮೇ ತಿಂಗಳಿನ ಒಂದು ಭಾನುವಾರ. ಚೆನ್ನೈಯವರು 'ಅಗ್ನಿ ನಕ್ಷತ್ರ'ವೆಂದು ಕರೆಯುವ ಉರಿಬಿಸಿಲಿನ ದಿನಗಳು. ಪೆರಂಬೂರಿನ ನಮ್ಮ ಮನೆಯಲ್ಲಿ ಹೊರಗೆ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ನಡುಮನೆಯ ಆರಾಮ ಕುರ್ಚಿಯಲ್ಲಿ ಎಪ್ಪತ್ತೆರಡು ವರ್ಷದ ನನ್ನ ತಾಯಿಯವರು, ಹಾಸನದಲ್ಲಿರುವ ತಮ್ಮ ತಂಗಿಯೊಡನೆ ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದರು. ಕೋಣೆಯೊಳಗೆ ಹದಿನೈದು ವರ್ಷದ ಮಗ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕಾಣದ ಯಾರೊಡನೆಯೋ ಏರುದನಿಯಲ್ಲಿ ಮಾತನಾಡುತ್ತ ಯುದ್ಧದ ಆಟದಲ್ಲಿ ತೊಡಗಿದ್ದ. ಇವರಿಬ್ಬರ ನಡುವೆ ಕುಳಿತ ನಾನು, ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಮರೆಯಲ್ಲಿ ಬಣ್ಣಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ಆಟದಲ್ಲಿ ಮುಳುಗಿದ್ದೆ. ಊಟಕ್ಕೆ ಮೂರು ಸಲ ಕರೆದ ನನ್ನ ಪತ್ನಿ ಕೊನೆಗೆ, "ಈ ಮನೇಲಿ ಊಟ ಮಾಡೋಳು ನಾನೊಬ್ಬಳೇ ಅಂತ ಕಾಣುತ್ತೆ" ಎಂದಾಗ ಮೂವರೂ ತಲೆ ಎತ್ತಿದೆವು. ಆದರೆ ಬೈಗುಳ ಬಿದ್ದದ್ದು ಮಗನಿಗೆ ಮಾತ್ರ. ಬೈದವನು ನಾನು.

ಅಂದು ರಾತ್ರಿ ಈ ಅನ್ಯಾಯದ ಅರಿವು ನನ್ನನ್ನು ಕಾಡಿತು. ಆಡುವವರು ಮೂವರಾಗಿದ್ದರೂ ಅಪರಾಧಿ ಒಬ್ಬನೇ ಏಕಾದ? ಮೂವರ ಆಟವೂ ಒಂದೇ ಬಗೆಯದೆ? ಅಜ್ಜಿಯ ಆಟ ಕಾಲಹರಣ, ತಂದೆಯ ಆಟ ವಿಶ್ರಾಂತಿ, ಮಗನ ಆಟ ಮಾತ್ರ ದುಶ್ಚಟ ಎಂದು ಹೇಳಲು ಆಧಾರವೇನು? ನಮ್ಮ ಸಂಘದ ಸದಸ್ಯರನೇಕರ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಕಲಹಕ್ಕೆ ಕಾರಣವಾಗಿದೆ. ನಾನು ವೈದ್ಯನಲ್ಲ, ಮನಃಶಾಸ್ತ್ರ ಬಲ್ಲವನೂ ಅಲ್ಲ. ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನು. ಆದುದರಿಂದ ಈ ವಿಷಯವನ್ನು ನನಗೆ ತಿಳಿದ ದಾರಿಯಿಂದಲೇ, ಅಂದರೆ ವ್ಯಾಪಾರದ ದಾರಿಯಿಂದಲೇ, ಪ್ರವೇಶಿಸಿ ವಾಚಕರ ಮುಂದಿಡಲು ಯತ್ನಿಸುತ್ತೇನೆ.

ಮಣೆಯಾಟದ ಕಾಲ

ಮನೆಯೊಳಗೆ ಕುಳಿತು ಆಡುವುದು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳಲ್ಲಿ ಅಪಾರ ಆಸಕ್ತಿ ಉಳ್ಳವರಾಗಿದ್ದರು. ಅವರ ಕಾಲದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಎಂಬ ಭಾಗದಲ್ಲಿ ಗಂಜೀಫಾ ಎಲೆಯಾಟಗಳ ವಿವರಗಳಿವೆ. ಅರಮನೆಯ ಮಾತು ಹಾಗಿರಲಿ. ಸಾಮಾನ್ಯರ ಮನೆಯ ಜಗಲಿಯಲ್ಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಕವಡೆಯನ್ನೋ ಹುಣಸೆಬೀಜವನ್ನೋ ಚೆಲ್ಲಿ ಚೌಕಾಬಾರ ಆಡುತ್ತಿದ್ದರು. ಮಳೆಗಾಲದಲ್ಲಿ ಅಳಗುಳಿಮಣೆ ಹೊರಬರುತ್ತಿತ್ತು. ಇಲ್ಲಿ ನಮ್ಮ ನೆರೆಯ ತಮಿಳರ ಮನೆಗಳಲ್ಲಿ ಅದೇ ಆಟಕ್ಕೆ 'ಪಲ್ಲಾಂಗುಳಿ' ಎಂದು ಹೆಸರು. ನನ್ನ ತಾಯಿಯವರು ಮೊಬೈಲಿನಲ್ಲಿ ಆಡುವ ಲೂಡೋ ಸಹ ನಮ್ಮ ಪಗಡೆ, ಪಚ್ಚೀಸಿಗಳ ವಂಶದ್ದೇ. ಅದು ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಅಲ್ಲಿ ಪೇಟೆಂಟ್ ಪಡೆದು, ಪೆಟ್ಟಿಗೆಯಾಟವಾಗಿ ಹಿಂದಿರುಗಿ, ಈಗ ಮೊಬೈಲಿನೊಳಗೆ ಸೇರಿದೆ.

ಈ ಆಟಗಳಲ್ಲೆಲ್ಲ ಎರಡು ಗುಣಗಳು ಸಮಾನವಾಗಿದ್ದವು. ಮೊದಲನೆಯದು, ಎದುರಾಳಿಯ ಮುಖ ಕಣ್ಣೆದುರಿಗೇ ಇರುತ್ತಿತ್ತು. ಎರಡನೆಯದು, ಆಟಕ್ಕೆ ಒಂದು ಕೊನೆಯಿತ್ತು. ಕಾಯಿ ಹಣ್ಣಾದರೆ ಆಟ ಮುಗಿಯಿತು; ಮುಗಿಯದಿದ್ದರೂ ದೀಪ ಹಚ್ಚುವ ಹೊತ್ತಿಗೆ ಮಣೆ ಎತ್ತಿಡಬೇಕಿತ್ತು. ಈ ಎರಡು ಗುಣಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ವಿಚಾರವೆಲ್ಲ ಇವುಗಳ ಸುತ್ತಲೇ ಇದೆ.

ಮೂರು ಕಾಲ, ಮೂರು ವ್ಯಾಪಾರ

ವಿಡಿಯೋ ಆಟದ ವ್ಯಾಪಾರ ಬೇರೂರಿದ್ದು 1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಹೊರತಂದ 'ಪಾಂಗ್' ಎಂಬ ನಾಣ್ಯದ ಯಂತ್ರದಿಂದ. 1978ರಲ್ಲಿ ಜಪಾನಿನಿಂದ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್-ಮ್ಯಾನ್' ಬಂದವು. ನಮ್ಮ ಹಾಸನದ ಬಸ್ ನಿಲ್ದಾಣದ ಬಳಿ ಇಂತಹ ಯಂತ್ರಗಳ ಅಂಗಡಿಯೊಂದು ಬಂದಾಗ 1990ರ ದಶಕ ಆರಂಭವಾಗಿತ್ತು. ಒಂದು ರೂಪಾಯಿ ಹಾಕಿದರೆ ಒಂದು ಆಟ. ಆಡುವವನು ಒಬ್ಬ, ಬೆನ್ನ ಹಿಂದೆ ನಿಂತು ನೋಡುವವರು ಹತ್ತು ಮಂದಿ. ದುಡ್ಡಿಲ್ಲದ ನಾನು ಆ ಹತ್ತು ಮಂದಿಯಲ್ಲಿ ಒಬ್ಬ. ನಾಣ್ಯದ ಯಂತ್ರದ ಮಾಲೀಕನ ಲಾಭ ಎಲ್ಲಿದೆ ಎಂಬುದನ್ನು ಗಮನಿಸಿ: ಆಡುವವನು ಬೇಗ ಸೋತರೆ ಮಾತ್ರ ಮುಂದಿನ ನಾಣ್ಯ ಬೀಳುತ್ತದೆ. ಆದ್ದರಿಂದ ಆಟ ಕ್ಷಣಕ್ಷಣಕ್ಕೂ ಕಠಿಣವಾಗುತ್ತ, ಕೆಲವೇ ನಿಮಿಷಗಳಲ್ಲಿ ನಮ್ಮನ್ನು ಹೊರದೂಡುತ್ತಿತ್ತು. ನಮ್ಮ ಜೇಬಿಗೆ ಅದು ಶತ್ರು. ನಮ್ಮ ಕಾಲಕ್ಕೆ ಮಾತ್ರ ಮಿತ್ರ.

ಎರಡನೆಯದು ಕ್ಯಾಸೆಟ್ಟಿನ ಕಾಲ. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅದರ ನಕಲುಗಳು 1990ರ ದಶಕದಲ್ಲಿ ನಮ್ಮ ದೇಶದ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು. ಆ ದಶಕದ ಮದರಾಸಿನಲ್ಲಿ ಬೆಳೆದ ನಮ್ಮ ಸಂಘದ ಗೆಳೆಯರು ಬರ್ಮಾ ಬಜಾರಿಗೂ ರಿಚ್ಚಿ ಸ್ಟ್ರೀಟಿಗೂ ತಂದೆಯ ಕೈ ಹಿಡಿದು ಹೋಗಿ ಕ್ಯಾಸೆಟ್ ತಂದ ಕಥೆಯನ್ನು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಸಾವಿರಾರು ಆಟಗಳಿವೆ ಎಂದು ಹೊದಿಕೆಯ ಮೇಲೆ ಬರೆದಿದ್ದರೂ ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟಗಳೇ. ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ತೂರಿಸುವುದು ದೇಶಕ್ಕೆಲ್ಲ ಒಂದೇ ಆದ ಚಿಕಿತ್ಸೆಯಾಗಿತ್ತು. ಕೈಯಂತ್ರಗಳು ಎರಡು, ಹುಡುಗರು ಎಂಟು ಮಂದಿ, ಸರದಿ ಕಾಯಲೇಬೇಕು. ಸಂಜೆ ವಾರ್ತೆಯ ಹೊತ್ತಿಗೆ ಟಿ.ವಿ. ಹಿರಿಯರದು. ನಡುವೆ ಕರೆಂಟು ಹೋದರೆ ಎಲ್ಲರೂ ಬೀದಿಗೆ. ಇಲ್ಲಿ ವ್ಯಾಪಾರಿಯ ಲಾಭ ಕ್ಯಾಸೆಟ್ ಮಾರಿದ ಕ್ಷಣಕ್ಕೇ ಮುಗಿಯುತ್ತಿತ್ತು. ಆಮೇಲೆ ನಾವು ಆಡಿದರೂ ಬಿಟ್ಟರೂ ಅವನಿಗೆ ಒಂದೇ.

1997ರಲ್ಲಿ ನೋಕಿಯಾದ ಫೋನಿನೊಳಗೆ ಹಾವಿನ ಆಟ ಬಂದಾಗ ಮೊದಲ ಬಾರಿಗೆ ಆಟವು ಜೇಬಿಗಿಳಿಯಿತು. ಅದೇ ಕಂಪನಿ 2006ರಲ್ಲಿ ಚೆನ್ನೈಗೆ ಹತ್ತಿರದ ಶ್ರೀಪೆರಂಬದೂರಿನಲ್ಲಿ ಕಾರ್ಖಾನೆ ತೆರೆದು 2014ರಲ್ಲಿ ಮುಚ್ಚಿತು. ಆ ವೇಳೆಗೆ ಲೋಕವೇ ಸ್ಮಾರ್ಟ್‌ಫೋನಿಗೆ ಹೊರಳಿತ್ತು. 2012ರಲ್ಲಿ 'ಕ್ಯಾಂಡಿ ಕ್ರಷ್ ಸಾಗಾ', 2016ರಲ್ಲಿ ಭಾರತದ್ದೇ ಆದ 'ಲೂಡೋ ಕಿಂಗ್', 2018ರಲ್ಲಿ 'ಪಬ್ಜಿ ಮೊಬೈಲ್' ಬಂದವು. ಇವನ್ನು ಇಳಿಸಿಕೊಳ್ಳಲು ಚಿಕ್ಕಾಸೂ ಕೊಡಬೇಕಿಲ್ಲ. ಇದೇ ಮೂರನೆಯ ವ್ಯಾಪಾರ, ಪುಕ್ಕಟೆಯ ವ್ಯಾಪಾರ.

ವಾಣಿಜ್ಯಶಾಸ್ತ್ರದಲ್ಲಿ ಪುಕ್ಕಟೆ ಎಂಬ ಪದಾರ್ಥವಿಲ್ಲ. ಬೆಲೆಯನ್ನು ಯಾರು, ಯಾವಾಗ, ಯಾವ ರೂಪದಲ್ಲಿ ಕೊಡುತ್ತಾರೆಂಬ ಪ್ರಶ್ನೆ ಮಾತ್ರ ಇದೆ. ಪುಕ್ಕಟೆ ಆಟದ ಆದಾಯ ಎರಡು ಮೂಲಗಳಿಂದ ಬರುತ್ತದೆ: ನಡುನಡುವೆ ತೋರಿಸುವ ಜಾಹೀರಾತು, ಮತ್ತು ಆಟದೊಳಗೆ ಮಾರುವ ಉಡುಪು, ಆಯುಧ, ಹೆಚ್ಚುವರಿ ಜೀವ ಮುಂತಾದ ಸಾಮಗ್ರಿ. ಎರಡಕ್ಕೂ ಆಡುವವನು ಉಳಿಯಬೇಕು, ಮರಳಿ ಬರಬೇಕು. ಆದ್ದರಿಂದ ಈ ಆಟಗಳಿಗೆ ಕೊನೆಯೇ ಇಲ್ಲ. ಒಂದು ಹಂತ ಮುಗಿದರೆ ಇನ್ನೊಂದು. ದಿನಕ್ಕೊಮ್ಮೆ ತೆರೆದರೆ ಉಡುಗೊರೆ. ಒಂದು ದಿನ ತಪ್ಪಿದರೆ ಸರಣಿ ಕಡಿಯುತ್ತದೆ. ಮಿಠಾಯಿ ಆಟದಲ್ಲಿ ಐದು ಜೀವ ಕಳೆದುಕೊಂಡರೆ, ಅರ್ಧ ಗಂಟೆ ಕಾದರೆ ಒಂದು ಜೀವ ಮರಳುತ್ತದೆ. ಆ ಅರ್ಧ ಗಂಟೆ ಮುಗಿಯುವುದನ್ನು ನಮ್ಮ ಮನಸ್ಸು ಕಚೇರಿಯ ಕಡತದ ನಡುವೆಯೂ ಎಣಿಸುತ್ತಿರುತ್ತದೆ! ಕೆಲವು ಆಟಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವ ಮುಚ್ಚಿದ ಪೆಟ್ಟಿಗೆಗಳಿವೆ. ಒಳಗೇನಿದೆ ಎಂಬುದು ಕೊಂಡ ಮೇಲೆಯೇ ತಿಳಿಯುವುದು. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ಇಂತಹ ಪೆಟ್ಟಿಗೆಗಳು ಜೂಜೇ ಸರಿ ಎಂದು ತೀರ್ಮಾನಿಸಿತು.

ಹೀಗೆ, ಆಟವನ್ನು ನಿಲ್ಲಿಸುವ ಕೆಲಸವನ್ನು ಮೊದಲು ಯಂತ್ರವೇ ಮಾಡುತ್ತಿತ್ತು. ಬಳಿಕ ಕರೆಂಟೂ ಮನೆಯ ಹಿರಿಯರೂ ಮಾಡಿದರು. ಈಗ ಆ ಕೆಲಸ ಹದಿನೈದರ ಹುಡುಗನ ಒಂಟಿ ಮನಸ್ಸಿನ ಮೇಲೆ ಬಿದ್ದಿದೆ. "ನಾವೂ ಆಡಿದ್ದೆವು, ಆದರೆ ಹೊತ್ತಿಗೆ ಸರಿಯಾಗಿ ಬಿಡುತ್ತಿದ್ದೆವು" ಎಂದು ನಾವು ಹೆಮ್ಮೆಪಡುವುದು ತಪ್ಪು ಲೆಕ್ಕ. ನಾವು ಬಿಡುತ್ತಿರಲಿಲ್ಲ, ಆಟವೇ ನಮ್ಮನ್ನು ಬಿಡುತ್ತಿತ್ತು.

ಆಡುವವರ ನಡವಳಿಕೆ

ನಾನು ಸುತ್ತಮುತ್ತಲ ಮನೆಗಳಲ್ಲಿ ಕಂಡಂತೆ, ಹಿರಿಯರು ಪರಿಚಿತರೊಡನೆಯೇ ಆಡುತ್ತಾರೆ. ನನ್ನ ತಾಯಿಯವರಿಗೆ ಲೂಡೋ ಎಂಬುದು ತಂಗಿಯ ಯೋಗಕ್ಷೇಮ ವಿಚಾರಿಸುವ ನೆವ. 2020ರ ಲಾಕ್‌ಡೌನ್ ಕಾಲದಲ್ಲಿ ಮೊಮ್ಮಗನೇ ಕಲಿಸಿಕೊಟ್ಟದ್ದು. ಬೇಸರವಾದರೆ ಕನ್ನಡಕ ತೆಗೆದಿಟ್ಟು ಎದ್ದುಬಿಡುತ್ತಾರೆ. ಆದರೆ ನಡುವೆ ಬರುವ ಜಾಹೀರಾತು ಯಾವುದು, ಆಟ ಯಾವುದು ಎಂಬ ಭೇದ ಅವರಿಗೆ ತಿಳಿಯದು. ಬಹುಮಾನ ಬಂದಿದೆ ಎಂದು ಹೊಳೆದದ್ದನ್ನೆಲ್ಲ ಒತ್ತುತ್ತಾರೆ. ಅವರ ಅಪಾಯ ಅಲ್ಲಿದೆ.

ನಡುವಯಸ್ಸಿನವರಾದ ನಾವು ಕದ್ದು ಆಡುವವರು. ಪೆರಂಬೂರಿನಿಂದ ಬೀಚ್ ನಿಲ್ದಾಣಕ್ಕೆ ಹೋಗುವ ರೈಲಿನಲ್ಲಿ ನನ್ನ ವಯಸ್ಸಿನವರ ಕೈಗಳನ್ನು ಗಮನಿಸಿದ್ದೇನೆ. ಅರ್ಧದಷ್ಟು ಮಂದಿಯ ಬೆರಳು ಯಾವುದಾದರೊಂದು ಆಟದ ಮೇಲಿರುತ್ತದೆ. ಕೇಳಿದರೆ "ನಾವು ಗೇಮ್ ಆಡುವವರಲ್ಲ" ಎನ್ನುತ್ತಾರೆ. ನಾವು ಒಬ್ಬೊಬ್ಬರೇ, ಮಾತಿಲ್ಲದೆ, ದಣಿವು ಮರೆಯಲು ಆಡುತ್ತೇವೆ. ಮೂರು ತಲೆಮಾರುಗಳಲ್ಲಿ ಏಕಾಂಗಿಯಾಗಿ ಆಡುವವರು ನಾವೇ.

ಇಂದಿನ ಹುಡುಗರು ಬಹಿರಂಗವಾಗಿ, ತಂಡ ಕಟ್ಟಿಕೊಂಡು, ಮಾತನಾಡುತ್ತ ಆಡುತ್ತಾರೆ. ಹೊರಗಿನಿಂದ ನೋಡಿದರೆ ಒಂಟಿ. ಒಳಗೆ ನಾಲ್ವರ ಗುಂಪು. ಚೆನ್ನೈಯ ಹುಡುಗರ ಈ ಆಟದ ಭಾಷೆ ತಮಿಳು, ಹಿಂದಿ, ಇಂಗ್ಲಿಷುಗಳ ಮಿಶ್ರಣ. ಇತರರು ಆಡುವುದನ್ನು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ನೋಡುವುದು ನಮಗೆ ಹುಚ್ಚಾಗಿ ಕಾಣುತ್ತದೆ. ಆದರೆ ಹಾಸನದ ಅಂಗಡಿಯಲ್ಲಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ನನಗೂ ಇವರಿಗೂ ಏನು ವ್ಯತ್ಯಾಸ? ಇನ್ನೊಂದು ಬದಲಾವಣೆಯೂ ಗಮನಾರ್ಹ. ಆ ಅಂಗಡಿಯಲ್ಲಿ ಒಬ್ಬ ಹುಡುಗಿಯನ್ನೂ ನಾನು ಕಂಡದ್ದಿಲ್ಲ. ಇಂದು ಹುಡುಗಿಯರೂ ಆಡುತ್ತಾರೆ. ಆದರೆ ದನಿ ಕೇಳಿದೊಡನೆ ಅಸಭ್ಯ ಮಾತುಗಳು ಬರುವುದರಿಂದ ಅನೇಕರು ಮೈಕನ್ನು ಮುಚ್ಚಿಯೇ ಆಡುತ್ತಾರೆಂದು ಸೋದರ ಸೊಸೆ ಹೇಳಿದಾಗ ಮನಸ್ಸಿಗೆ ನೋವಾಯಿತು. ಅಂಗಡಿ ಬದಲಾಗಿದೆ, ಬಾಗಿಲಲ್ಲಿ ನಿಂತ ಪುಂಡರು ಬದಲಾಗಿಲ್ಲ.

ನಮ್ಮ ಮನೆಯ ಪ್ರಸಂಗ

ಇನ್ನು ಹೇಳಲು ಸಂಕೋಚವಾಗುವ ಮಾತಿಗೆ ಬರುತ್ತೇನೆ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಪತ್ನಿಯ ಖಾತೆಯ ವಿವರಪಟ್ಟಿಯನ್ನು ಬೇರೊಂದು ಕಾರಣಕ್ಕೆ ನೋಡುತ್ತಿದ್ದೆ. 79, 89, 159 ಹೀಗೆ ಸಣ್ಣ ಸಣ್ಣ ಮೊತ್ತಗಳು. ಎರಡು ತಿಂಗಳಲ್ಲಿ ಒಟ್ಟು 4,370 ರೂಪಾಯಿ. ಎಲ್ಲವೂ ಆಟದ ಸಾಮಗ್ರಿಗೆ. ಕೆಲವು ರಾತ್ರಿ ಎರಡು ಗಂಟೆಯ ವೇಳೆಯವು. ಮಗನನ್ನು ಕರೆದು ಪಿನ್ ಹೇಗೆ ತಿಳಿಯಿತೆಂದು ಕೇಳಿದೆ. "ಅಮ್ಮನೇ ಹೇಳಿದ್ದು, ತರಕಾರಿ ಅಂಗಡಿಗೆ ದುಡ್ಡು ಹಾಕು ಅಂತ" ಎಂದ. ಪಿನ್ ಯಾರಿಗೂ ಹೇಳಬೇಡಿರೆಂದು ದಿನಕ್ಕೆ ಹತ್ತು ಮಂದಿ ಗ್ರಾಹಕರಿಗೆ ಉಪದೇಶಿಸುವ ನನ್ನ ಮನೆಯ ಸ್ಥಿತಿ ಇದು. ಕೋಪದಲ್ಲಿ ಅವನ ಫೋನನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಎದುರಾಡಲಿಲ್ಲ. ಮೌನವಾಗಿ ಊಟಮಾಡಿ, ಮೌನವಾಗಿ ಶಾಲೆಗೆ ಹೋಗಿ ಬರತೊಡಗಿದ. ಮನೆ ಶಾಂತವಾಯಿತೆಂದು ಸಂತೋಷಪಟ್ಟೆ.

ಎಂಟನೆಯ ದಿನ ಹಾಸನದಿಂದ ಅಕ್ಕ ಫೋನ್ ಮಾಡಿದಳು. "ಯಾಕೋ, ಮಗು ಹುಷಾರಾಗಿದ್ದಾನೇನೋ? ಒಂದು ವಾರದಿಂದ ಅವನು ಬಂದೇ ಇಲ್ಲ ಅಂತ ನಮ್ಮ ಹುಡುಗ ಪೇಚಾಡ್ತಿದ್ದಾನೆ" ಎಂದಳು. 'ಬಂದೇ ಇಲ್ಲ' ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಎಲ್ಲಿಗೆ ಬಂದಿಲ್ಲ? ಅಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ಕೇಳಿದೆ. ಅವನ ನಾಲ್ವರ ತಂಡದಲ್ಲಿ ಒಬ್ಬ ಅಕ್ಕನ ಮಗ. ಇನ್ನಿಬ್ಬರು ಮೈಸೂರಿನ ಹಳೆಯ ಶಾಲೆಯ ಸಹಪಾಠಿಗಳು. 2021ರಲ್ಲಿ ನನಗೆ ಚೆನ್ನೈಗೆ ವರ್ಗವಾದಾಗ ಹನ್ನೊಂದು ವರ್ಷದ ಅವನನ್ನು ಆ ಗೆಳೆಯರಿಂದ ಅಗಲಿಸಿ ಕರೆತಂದವನು ನಾನೇ. ವರ್ಗಾವಣೆಯ ಆದೇಶದಲ್ಲಿ ಮನೆಯ ಸಾಮಾನು ಸಾಗಿಸಲು ಭತ್ಯೆಯಿತ್ತು. ಹುಡುಗನ ಗೆಳೆತನಕ್ಕೆ ಯಾವ ಕಲಮೂ ಇರಲಿಲ್ಲ. ಹೊಸ ಊರು, ತಿಳಿಯದ ತಮಿಳು, ಇಳಿದು ಆಡಲು ಅಂಗಳವಿಲ್ಲದ ಅಪಾರ್ಟ್‌ಮೆಂಟು. ಆ ನಾಲ್ವರು ಪ್ರತಿ ರಾತ್ರಿ ಸೇರುತ್ತಿದ್ದ ಜಗಲಿ ಆ ಆಟವೊಂದೇ. ಮನೆಯ ಹೊರಗೆ ಅವನು ದಿನವೂ ಕನ್ನಡ ಮಾತನಾಡುತ್ತಿದ್ದ ಸ್ಥಳವೂ ಅದೊಂದೇ. ಕನ್ನಡ ಉಳಿಸಬೇಕೆಂದು ಸಂಘದ ವೇದಿಕೆಯಲ್ಲಿ ಭಾಷಣ ಮಾಡಿದ ನಾನು ಅದಕ್ಕೇ ಬೀಗ ಜಡಿದಿದ್ದೆ.

ಇಷ್ಟರಿಂದ ಮಗನು ನಿರ್ದೋಷಿಯೆಂದು ಹೇಳಲಾರೆ. ನಾಲ್ವರೂ ಹತ್ತೂವರೆಗೆ ಮುಗಿಸುತ್ತಿದ್ದರು. ಆಮೇಲೆ ಎರಡು ಗಂಟೆಯವರೆಗೆ ಅಪರಿಚಿತರೊಡನೆ ಆಡುತ್ತಿದ್ದವನು ಇವನೊಬ್ಬನೇ. ತರಗತಿಯಲ್ಲಿ ತೂಕಡಿಸುತ್ತಾನೆಂದು ಉಪಾಧ್ಯಾಯರು ಹೇಳಿ ಕಳುಹಿಸಿದ್ದರು. ಗಣಿತದ ಅಂಕಗಳು ಇಳಿದಿದ್ದವು. "ಬಿಡಬೇಕು ಅಂತಲೇ ಇರ್ತೀನಿ ಅಪ್ಪ, ಆಗಲ್ಲ" ಎಂದು ಅವನೇ ಒಪ್ಪಿಕೊಂಡ. ಗೆಳೆತನ ಮತ್ತು ಗೀಳು ಒಂದೇ ಫೋನಿನಲ್ಲಿ ಬೆರೆತಿದ್ದವು. ಒಂದನ್ನು ಉಳಿಸಿ ಇನ್ನೊಂದನ್ನು ಬಿಡಿಸುವುದು ಬೀಗಕ್ಕೆ ಸಾಧ್ಯವಾಗುವ ಕೆಲಸವಲ್ಲವೆಂದು ಆಗ ಮನವರಿಕೆಯಾಯಿತು.

ಆರೋಗ್ಯದ ದೃಷ್ಟಿಯಿಂದ

ಹೆಚ್ಚು ಆಡುವುದೆಲ್ಲ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ 'ಆಟದ ವ್ಯಸನ'ಕ್ಕೆ ಸ್ಥಾನವಿದೆ. ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಆಟದ ಮೇಲೆ ಹತೋಟಿ ತಪ್ಪುವುದು, ಊಟ, ನಿದ್ರೆ, ಓದು, ಇತರ ಆಸಕ್ತಿಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಇವುಗಳಿಂದ ಜೀವನದ ವ್ಯವಹಾರಕ್ಕೆ ಗಣನೀಯ ಧಕ್ಕೆಯಾಗಿರಬೇಕು. ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಕಾಲವಾದರೂ ಕಂಡುಬಂದಿರಬೇಕು. ಎಷ್ಟು ಗಂಟೆ ಆಡಿದರೆ ವ್ಯಸನ ಎಂಬ ಲೆಕ್ಕವನ್ನು ಅದು ಕೊಟ್ಟಿಲ್ಲವೆಂಬುದು ಗಮನಾರ್ಹ. ಗಡಿಯಾರಕ್ಕಿಂತ, ಆಟದಿಂದ ಏನೇನು ಕೈತಪ್ಪುತ್ತಿದೆ ಎಂಬುದೇ ಅಳತೆಗೋಲು.

ಮೊದಲು ಕೈತಪ್ಪುವುದು ನಿದ್ರೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಮಲಗುವ ಮುನ್ನ ಕಣ್ಣಿಗೆ ಬೀಳುವ ಪ್ರಖರ ಬೆಳಕು, ಅದಕ್ಕಿಂತ ಹೆಚ್ಚಾಗಿ ಸೋಲು ಗೆಲುವುಗಳ ಉದ್ವೇಗ, ನಿದ್ರೆಯನ್ನು ಮುಂದೂಡುತ್ತವೆ. ಪರದೆಯನ್ನು ದಿಟ್ಟಿಸುವಾಗ ಕಣ್ಣು ಮಿಟುಕಿಸುವುದು ಕಡಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಹಿತಕರ. ಕತ್ತು ಬಗ್ಗಿಸಿ ಕೂರುವುದರಿಂದ ಕತ್ತು, ಭುಜ, ಹೆಬ್ಬೆರಳುಗಳ ನೋವು ಬರುತ್ತದೆ. ಈ ತೊಂದರೆಗಳು ರೈಲಿನಲ್ಲಿ ಆಡುವ ನಮಗೂ ಅನ್ವಯಿಸುತ್ತವೆ. ಎರಡರಿಂದ ನಾಲ್ಕು ವರ್ಷದ ಶಿಶುಗಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದೂ, ಒಂದು ವರ್ಷದೊಳಗಿನವರಿಗೆ ಅದು ಬೇಡವೇ ಬೇಡವೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಅಳುವ ಕೂಸಿಗೆ ಫೋನ್ ಕೊಡುವ ಅಜ್ಜಿ ತಾತಂದಿರು ಇದನ್ನು ಗಮನಿಸಬೇಕು.

ಹತೋಟಿ ಮೀರಿತೆಂದು ತೋರಿದರೆ ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಮಿತಿಮೀರಿದ ಬಳಕೆಗೆಂದೇ 'ಶಟ್ ಕ್ಲಿನಿಕ್' 2014ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಹಣದ ಲೆಕ್ಕ

ಹಣದ ವಿಷಯದಲ್ಲಿ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಎಡವಿದ್ದಾರೆಂಬುದನ್ನು ಒಪ್ಪಿಕೊಳ್ಳಬೇಕು. ಮಗನು 4,370 ರೂಪಾಯಿ ಕಳೆದರೆ ಮನೆಯಲ್ಲಿ ಪಂಚಾಯಿತಿ. ಆನ್‌ಲೈನ್ ರಮ್ಮಿಯಲ್ಲಿ ಸಂಬಳವನ್ನೂ, ಬಳಿಕ ಸಾಲದ ಹಣವನ್ನೂ ಕಳೆದ ನಡುವಯಸ್ಸಿನ ಸಂಸಾರಸ್ಥರು ನನ್ನ ಮೇಜಿನ ಮುಂದೆ ತಲೆ ತಗ್ಗಿಸಿ ಕುಳಿತದ್ದನ್ನು ಕಂಡಿದ್ದೇನೆ. ಅವರಿಗೆ ಪಂಚಾಯಿತಿ ಮಾಡುವವರೂ ಇರಲಿಲ್ಲ. ತಮಿಳುನಾಡಿನಲ್ಲಿ ಇಂತಹ ದುರಂತಗಳ ಕಾರಣದಿಂದಲೇ 2022ರಲ್ಲಿ ಆನ್‌ಲೈನ್ ಜೂಜನ್ನು ನಿಷೇಧಿಸಿ ಆಟಗಳನ್ನು ನಿಯಂತ್ರಿಸುವ ಶಾಸನ ರೂಪುಗೊಂಡಿತು. 2025ರ ಫೆಬ್ರವರಿಯ ನಿಯಮಗಳು ಹಣದ ಆಟಗಳನ್ನು ಹದಿನೆಂಟರೊಳಗಿನವರಿಗೆ ನಿಷೇಧಿಸಿ, ನಡುರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಯಾರೂ ಆಡದಂತೆ ಮಾಡಿದವು. ಜೂನ್ ತಿಂಗಳಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅವನ್ನು ಎತ್ತಿಹಿಡಿಯಿತು. ಅದೇ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು; 22ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಆ ಕಾಯಿದೆ ಇ-ಕ್ರೀಡೆಯನ್ನೂ ಮನರಂಜನೆಯ ಆಟಗಳನ್ನೂ ಬೇರೆಯಾಗಿಯೇ ಪರಿಗಣಿಸಿದೆ.

ಬ್ಯಾಂಕಿನವನಾಗಿ ಎರಡು ಮಾತು. ಅಪ್ರಾಪ್ತ ವಯಸ್ಕನೊಡನೆ ಮಾಡಿಕೊಂಡ ಕರಾರು ಅಸಿಂಧುವೆಂಬುದು 1872ರ ಕರಾರು ಕಾಯಿದೆಯ ಮೇಲೆ 1903ರಲ್ಲಿ ಪ್ರೀವಿ ಕೌನ್ಸಿಲ್ ನೀಡಿದ ತೀರ್ಪು, ಬಿ.ಕಾಂ. ಓದಿದವರೆಲ್ಲ ಕಂಠಪಾಠ ಮಾಡಿರುತ್ತಾರೆ. ಆದರೆ ತಾಯಿಯ ಖಾತೆಯಿಂದ, ತಾಯಿಯ ಪಿನ್ ಒತ್ತಿ ಹೋದ ಹಣ ಬ್ಯಾಂಕಿನ ದೃಷ್ಟಿಯಲ್ಲಿ ತಾಯಿಯೇ ಕಳುಹಿಸಿದ ಹಣ. ಪಿನ್ ಹಂಚಿಕೊಂಡು ಆದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ, ಖಾತೆದಾರನೇ ಹೊರಬೇಕೆಂಬುದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಸಾರಾಂಶ. ಅಪರಿಚಿತರ ವಂಚನೆಯಾದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು.

ಮನೆಯಲ್ಲಿ ಮಾಡಬಹುದಾದದ್ದು

ದಕ್ಷಿಣ ಕೊರಿಯಾ ದೇಶವು ಹದಿನಾರರೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ಶಾಸನ ಮಾಡಿ, ಹತ್ತು ವರ್ಷಗಳ ಬಳಿಕ ಅದನ್ನು ಕೈಬಿಟ್ಟು, ಹೊಣೆಯನ್ನು ಕುಟುಂಬಗಳಿಗೇ ಬಿಡಲು ನಿರ್ಧರಿಸಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅನುಮತಿ ಕೊಟ್ಟಿತು. ಸರ್ಕಾರ ಏನೇ ಮಾಡಲಿ, ಆಟಕ್ಕೆ ಕೊನೆಯನ್ನೂ ಎದುರಾಳಿಗೆ ಮುಖವನ್ನೂ ಮರಳಿ ಕೊಡುವ ಕೆಲಸ ಮನೆಯದೇ. ನಮ್ಮ ಅನುಭವದಿಂದ ಕೆಲವು ಸೂಚನೆಗಳು:

1. ನಿಮಿಷದ ಲೆಕ್ಕ ಬೇಡ, ಆಟದ ಲೆಕ್ಕವಿರಲಿ. ತಂಡದ ಆಟ ಅರ್ಧಕ್ಕೆ ಬಿಟ್ಟರೆ ಉಳಿದ ಮೂವರಿಗೆ ದ್ರೋಹ. "ಈಗಲೇ ಬಿಡು" ಎಂದರೆ ಜಗಳ ಖಂಡಿತ. "ಎರಡು ಆಟ, ಆಮೇಲೆ ಊಟ" ಎಂದರೆ ಒಪ್ಪುತ್ತಾರೆ.

2. ಆಟ ನಡುಮನೆಯಲ್ಲಿ ನಡೆಯಲಿ. ಯಾರೊಡನೆ ಆಡುತ್ತಾರೆಂದು ಹೆಸರು ಹಿಡಿದು ವಿಚಾರಿಸಿ.

3. ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನುಗಳೂ ಒಂದೇ ಕಡೆ ಚಾರ್ಜಿಗೆ ಹೋಗಲಿ. ತಂದೆಯ ಫೋನ್ ಮೊದಲು.

4. ಪಿನ್ ಮಕ್ಕಳಿಗೆ ಬೇಡ. ಖರ್ಚು ಮಾಡಲೇಬೇಕಿದ್ದರೆ ತಿಂಗಳಿಗೆ ಇಂತಿಷ್ಟೆಂದು ಗೊತ್ತುಮಾಡಿ, ಅವರಿಂದಲೇ ಲೆಕ್ಕ ಬರೆಸಿ. ಖಾತೆಯ ಸಂದೇಶಗಳನ್ನು ಓದುವ ರೂಢಿ ಇಟ್ಟುಕೊಳ್ಳಿ.

5. ವಾರಕ್ಕೊಮ್ಮೆ ಮಗುವಿನೊಡನೆ ಅದರ ಆಟವನ್ನೇ ಆಡಿ ಸೋಲಿ. ಬೈಯುವ ಮುನ್ನ ಬೈಯುವ ವಸ್ತು ಯಾವುದೆಂದಾದರೂ ತಿಳಿಯುತ್ತದೆ.

6. ಒಮ್ಮೆಗೇ ಪೂರ್ತಿ ನಿಷೇಧಿಸುವ ಮುನ್ನ, ಆ ಜಾಗದಲ್ಲಿ ಏನನ್ನು ಕೊಡುತ್ತೀರೆಂದು ಯೋಚಿಸಿ.

ಆಟದಲ್ಲೇ ಭವಿಷ್ಯವಿದೆ ಎನ್ನುವ ಮಕ್ಕಳಿಗೂ ಒಂದು ಉತ್ತರ ಬೇಕು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇ-ಕ್ರೀಡೆಯಲ್ಲಿ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದರು. 2023ರಲ್ಲಿ ಹಾಂಗ್‌ಝೌನಲ್ಲಿ ಅದು ಪದಕದ ಸ್ಪರ್ಧೆಯೇ ಆಯಿತು. ಆದರೆ ನಮ್ಮ ಚೆನ್ನೈಯ ಗುಕೇಶ್ 2024ರ ಡಿಸೆಂಬರಿನಲ್ಲಿ ಹದಿನೆಂಟನೆಯ ವಯಸ್ಸಿಗೆ ಚದುರಂಗದ ವಿಶ್ವ ಚಾಂಪಿಯನ್ ಆದದ್ದನ್ನು ತೋರಿಸಿ, ಯಾವ ಆಟವಾದರೂ ಸಾಧನೆಗೆ ಗುರು, ವೇಳಾಪಟ್ಟಿ, ವಿಶ್ರಾಂತಿ ಮೂರೂ ಬೇಕೆಂದು ತಿಳಿಸಬಹುದು. ರಾತ್ರಿ ಎರಡರವರೆಗೆ ಆಡುವುದು ಅಭ್ಯಾಸವಲ್ಲ.

ಉಪಸಂಹಾರ

ನಮ್ಮ ಮನೆಯ ಒಪ್ಪಂದಕ್ಕೆ ಈಗ ಹಲವು ತಿಂಗಳಾದವು. ಎರಡು ಬಾರಿ ಮಗ ಮುರಿದ; ಒಂದು ಬಾರಿ ನಾನೇ ಸಿಕ್ಕಿಬಿದ್ದೆ. ತರಗತಿಯಲ್ಲಿ ತೂಕಡಿಕೆ ನಿಂತಿದೆ, ಗಣಿತ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ದಸರಾ ರಜೆಗೆ ಹಾಸನಕ್ಕೆ ಹೋದಾಗ ಮೈಸೂರಿನ ಇಬ್ಬರು ಹುಡುಗರನ್ನೂ ಕರೆಸಿದೆವು. ನಾಲ್ಕು ವರ್ಷಗಳ ಮೇಲೆ ನಾಲ್ವರೂ ಒಂದೇ ಜಗಲಿಯಲ್ಲಿ ಕುಳಿತರು. ಕುಳಿತು ಮಾಡಿದ್ದೇನು? ನಾಲ್ವರೂ ಫೋನ್ ತೆಗೆದು ಅದೇ ಆಟ ಆಡಿದರು! ಆದರೆ ನಡುನಡುವೆ ಒಬ್ಬರನ್ನೊಬ್ಬರು ತಳ್ಳಾಡಿ ನಗುತ್ತಿದ್ದರು. ಸಂಜೆ ಫೋನುಗಳ ಚಾರ್ಜು ಮುಗಿದಾಗ ನನ್ನ ತಾಯಿಯವರು ಸೀಮೆಸುಣ್ಣ ತಂದು ನೆಲದ ಮೇಲೆ ಚೌಕಾಬಾರದ ಮನೆ ಬರೆದರು. ನಾಲ್ವರೂ ಅವರ ಕೈಯಲ್ಲಿ ಸೋತರು.

ನಮ್ಮ ಸಂಘದ ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಕೋಣೆಯನ್ನು ಆಟಕ್ಕಾಗಿ ಬಿಟ್ಟುಕೊಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ಮೂಲಕ ವಿನಂತಿಸುತ್ತೇನೆ. ಒಂದು ಬದಿಯಲ್ಲಿ ಚೌಕಾಬಾರ, ಅಳಗುಳಿಮಣೆ. ಇನ್ನೊಂದು ಬದಿಯಲ್ಲಿ ಟಿ.ವಿ.ಗೆ ಜೋಡಿಸಿದ ವಿಡಿಯೋ ಆಟ. ಅಜ್ಜಿಯರು ಮೊಮ್ಮಕ್ಕಳಿಗೂ, ಮೊಮ್ಮಕ್ಕಳು ಅಜ್ಜಿಯರಿಗೂ ಕಲಿಸಲಿ. ಆಡುವಾಗಿನ ಮಾತು ಕನ್ನಡವಾಗಿರಲಿ. ಊಟದ ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಏಳಲಿ.